ಪಿಯಾನೋ ಬೆಂಚಿನ ಎಡಭಾಗ

ಯಾರಾದರೂ ತಾವು ಕಂಡ ಭೂತದ ಕಥೆ ಹೇಳಲು ಶುರುಮಾಡಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಅವತ್ತು ಯಾವ ವಾರ?" ಎಂದು. ಸ್ಕೂಲಿನ ದಿನಗಳಿಂದಲೇ ನನಗೆ ಡೈರಿ ಬರೆಯುವ ಅಭ್ಯಾಸ. ವಾರ, ತಾರೀಖು ಇಲ್ಲದ ಸಂಗತಿ ನಡೆದೇ ಇಲ್ಲ ಎನ್ನುವುದು ನನ್ನ ಧೋರಣೆ. ಅಪ್ಪ ಉಡುಪಿ ಕಡೆಯವರು, ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಡೊಂಬಿವಲಿಯ ನಮ್ಮ ಮನೆಗೆ ಬಂದುಹೋಗುವ ನೆಂಟರಲ್ಲಿ ಒಬ್ಬರಾದರೂ ಏನನ್ನಾದರೂ ಕಂಡವರು ಇದ್ದೇ ಇರುತ್ತಿದ್ದರು. ವಾರ ಯಾವುದು, ಜೊತೆಗೆ ಯಾರಿದ್ದರು, ಬೆಳಕು ಎಷ್ಟಿತ್ತು ಎಂದು ನಾನು ಒಂದೊಂದಾಗಿ ಕೇಳುತ್ತ ಹೋದ ಹಾಗೆ ಅವರ ಕಥೆ ಕುಂಟತೊಡಗುತ್ತಿತ್ತು. "ಇವಳ ಎದುರು ಭೂತವೂ ಜಾಮೀನು ತಕೊಂಡೇ ಬರ್ಬೇಕು" ಎಂದು ದೊಡ್ಡಪ್ಪ ಒಮ್ಮೆ ಎದ್ದೇ ಹೋಗಿದ್ದರು.

ಈಗ ನೀವು ಅದೇ ಪ್ರಶ್ನೆಯನ್ನು ನನಗೆ ಕೇಳಬಹುದು. ಅವತ್ತು ಗುರುವಾರ, 2007ರ ಮಳೆಗಾಲ. ರಾತ್ರಿ ಕೂಡ ಅಲ್ಲ, ದೀಪ ಹಚ್ಚುವ ಹೊತ್ತು. ನಡೆದದ್ದನ್ನು ಹೇಳುವ ಮೊದಲು ನಾನು ಅಲ್ಲಿ ಏಕೆ ಇದ್ದೆ ಎನ್ನುವುದನ್ನು ಹೇಳಬೇಕು.

ನಾನು ಪಿಯಾನೋ ಕಲಿಯುತ್ತಿದ್ದೆ, ಆದರೆ ನಮ್ಮ ಮನೆಯಲ್ಲಿ ಪಿಯಾನೋ ಇರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಪಿಯಾನೋ ಇಟ್ಟರೆ ನಾವು ಹೊರಗೆ ಮಲಗಬೇಕಾಗುತ್ತಿತ್ತು. ಇದ್ದದ್ದು ಎಲೆಕ್ಟ್ರಿಕ್ ಕೀಬೋರ್ಡು. ಉಲ್ಹಾಸನಗರದ ಮಾರ್ಕೆಟಿನಲ್ಲಿ ಅಪ್ಪ ಕೊಡಿಸಿದ್ದು. ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವರ್ಷಗಟ್ಟಲೆ ನುಡಿಸಿದೆ. ಆ ಕೀಬೋರ್ಡಿನ ಗುಣ ಏನೆಂದರೆ ಕೀಲಿಯನ್ನು ಹೂವಿನಂತೆ ಮುಟ್ಟಿದರೂ, ಗುದ್ದಿದರೂ ಬರುವ ಸದ್ದು ಒಂದೇ.

ಪಿಯಾನೋ ಎನ್ನುವುದು ವಾದ್ಯದ ಹೆಸರಷ್ಟೇ ಅಲ್ಲ, ಸಂಗೀತ ಬರೆದ ಹಾಳೆಯಲ್ಲಿ ಅದೊಂದು ಸೂಚನೆಯೂ ಹೌದು. ಸಾಲಿನ ಕೆಳಗೆ ಅದರ ಮೊದಲ ಅಕ್ಷರವನ್ನು ಓರೆಯಾಗಿ ಬರೆದಿದ್ದರೆ ಅಲ್ಲಿಂದ ಮೆಲ್ಲಗೆ ನುಡಿಸಬೇಕು ಎಂದರ್ಥ. ನನ್ನ ಕೀಬೋರ್ಡಿನಲ್ಲಿ ಮೆಲ್ಲಗೆ ನುಡಿಸುವ ದಾರಿ ಒಂದೇ ಇತ್ತು, ಸದ್ದಿನ ಗುಂಡಿಯನ್ನು ತಿರುಗಿಸುವುದು. ಆ ಅಕ್ಷರ ಬಂದ ಕೂಡಲೇ ಎಡಗೈ ಚಕ್ಕನೆ ಹಾರಿ, ಗುಂಡಿ ತಿರುಗಿಸಿ, ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಈ ಕಸರತ್ತನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಸಂಗೀತ ಎಂದರೆ ಅದೇ ಎಂದುಕೊಂಡಿದ್ದೆ.

ಮೊದಲ ಸಲ ಮೇಲಿನ ದರ್ಜೆಯ ಪರೀಕ್ಷೆಗೆ ಕೂತಾಗ ಎದುರಿಗಿದ್ದದ್ದು ನಿಜವಾದ ಪಿಯಾನೋ, ಪಕ್ಕದಲ್ಲಿ ಇದ್ದವರು ಪರೀಕ್ಷಕರು. ಆ ಅಕ್ಷರ ಬಂತು. ನನ್ನ ಎಡಗೈ ಹಾರಿ ಹೋಗಿ ಹೊಳೆಯುವ ಮರದ ಮೇಲೆ ಇಲ್ಲದ ಗುಂಡಿಯನ್ನು ಹುಡುಕಿತು. ಪರೀಕ್ಷಕರು ನಗಲಿಲ್ಲ, ಅದೇ ಹೆಚ್ಚು ನೋಯಿಸಿತು. ಸ್ವರಗಳೆಲ್ಲ ಸರಿಯಾಗಿವೆ, ಆದರೆ ಎಲ್ಲವನ್ನೂ ಒಂದೇ ದನಿಯಲ್ಲಿ ಕೂಗಿ ಹೇಳಿದಂತಿದೆ ಎಂದು ಬರೆದರು. ಫೇಲಾದೆ.

ಅಷ್ಟರಲ್ಲಿ ನೇರುಳದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಸಂಗೀತ ಕಲಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತ್ತು. ಸರ್ಟಿಫಿಕೇಟು ತಂದರೆ ಪರ್ಮನೆಂಟ್ ಮಾಡುತ್ತೇವೆ, ಇಲ್ಲದಿದ್ದರೆ ದೀಪಾವಳಿಯ ನಂತರ ಬೇರೆಯವರನ್ನು ನೋಡುತ್ತೇವೆ ಎಂದು ಪ್ರಿನ್ಸಿಪಾಲರು ನೇರವಾಗಿ ಹೇಳಿದ್ದರು. ಅಪ್ಪನೂ ನೇರ ಮನುಷ್ಯ. "ಇನ್ನೊಂದು ಸಲ ನೋಡುವ. ಆಗ್ಲಿಲ್ಲ ಅಂದ್ರೆ ಬ್ಯಾಂಕಿನ ಪರೀಕ್ಷೆಗೆ ಕೂತ್ಕೋ. ಅಲ್ಲಿ ಮೆಲ್ಲಗೆ, ಜೋರು ಅಂತ ಎಲ್ಲ ಇಲ್ಲ" ಎಂದಿದ್ದರು. ನನಗೆ ಮಾಡಬೇಕಾಗಿದ್ದ ಕೆಲಸ ಇದೊಂದೇ, ಅಕ್ಟೋಬರಿನ ಪರೀಕ್ಷೆಯ ಒಳಗೆ ಮೆಲ್ಲಗೆ ನುಡಿಸಲು ಕಲಿಯುವುದು. ಕಲಿತೇ ತೀರುತ್ತೇನೆ ಎಂದು ಡೈರಿಯ ಮೊದಲ ಪುಟದಲ್ಲಿ ಬರೆದು ಅಡಿಗೆರೆ ಎಳೆದೆ.

ನನ್ನ ಟೀಚರ್ ಸಿಸಿಲಿಯಾ, ಮಂಗಳೂರಿನವರು, ಡೊಂಬಿವಲಿ ಪೂರ್ವದಲ್ಲಿ ಒಬ್ಬರೇ ಇದ್ದರು. ಕಲ್ಯಾಣದ ರೈಲ್ವೆ ಕಾಲೊನಿಯ ಹಳೆಯ ಹಾಲ್ ಒಂದರಲ್ಲಿ ಯಾರೂ ಮುಟ್ಟದ ಪಿಯಾನೋ ಇದೆ ಎಂದು ಪತ್ತೆ ಮಾಡಿ, ಅಲ್ಲಿಯ ಸೆಕ್ರೆಟರಿಯವರ ಹತ್ತಿರ ಒಪ್ಪಿಗೆ ತಂದವರು ಅವರೇ. ಮದುವೆ, ಮುಂಜಿ ಇಲ್ಲದ ಸಂಜೆ ಅಲ್ಲಿಗೆ ಹೋಗಿ ನುಡಿಸಬಹುದಿತ್ತು. ಹಾಲಿನ ಕಾವಲಿಗೆ ಶರಣಪ್ಪ ಎಂಬವರಿದ್ದರು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಬೆನ್ನು ನೋವು ಶುರುವಾದ ಮೇಲೆ ಈ ಕೆಲಸ ಹಿಡಿದಿದ್ದರು. ಹಾರ್ಮೋನಿಯಂ ಪೇಟಿಯಾದರೆ ಇದು ಅವರಿಗೆ ದೊಡ್ಡ ಪೇಟಿ. ಮಳೆಗಾಲದ ತೇವಕ್ಕೆ ಮರ ಉಬ್ಬಬಾರದು ಎಂದು ಅದರ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬನ್ನು ಸದಾ ಉರಿಸಿಡುತ್ತಿದ್ದರು. ನಮ್ಮ ಕಡೆ ಪಿಯಾನೋ ಇಟ್ಟವರೆಲ್ಲ ಮಾಡುವ ಉಪಾಯ ಅದು. ಶರಣಪ್ಪ ಅದನ್ನು ನಂದಾದೀಪ ಎನ್ನುತ್ತಿದ್ದರು, ಸ್ವಿಚ್ಚಿಗೆ ಯಾರನ್ನೂ ಕೈ ಹಾಕಲು ಬಿಡುತ್ತಿರಲಿಲ್ಲ. ಆದರೂ ತೇವ ತೇವವೇ. ಎಡಭಾಗದ ಒಂದು ಬಿಳಿಯ ಕೀಲಿ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತಿತ್ತು. ಒಮ್ಮೆ ಒತ್ತಿದರೆ ತಾನಾಗಿ ಮೇಲೆ ಬರುತ್ತಿರಲಿಲ್ಲ, ಉಗುರಿನಿಂದ ಎತ್ತಬೇಕಿತ್ತು. ಕೂರುವ ಮೊದಲು ಅದನ್ನು ನೋಡಿಕೊಳ್ಳುವುದು ನನ್ನ ನಿತ್ಯದ ಕ್ರಮವಾಗಿತ್ತು.

ನಿಜವಾದ ಪಿಯಾನೋದಲ್ಲಿ ಮೆಲ್ಲಗೆ ನುಡಿಸುವುದು ಎಷ್ಟು ಕಷ್ಟ ಎನ್ನುವುದು ಅಲ್ಲಿ ತಿಳಿಯಿತು. ಕೀಲಿ ಒತ್ತಿದಾಗ ಒಳಗೆ ಒಂದು ಸುತ್ತಿಗೆ ಎದ್ದು ತಂತಿಯನ್ನು ಹೊಡೆಯುತ್ತದೆ. ಜೋರಾಗಿ ಒತ್ತಿದರೆ ಸದ್ದು ಜೋರು. ಹೆದರಿ ತೀರಾ ನಿಧಾನ ಒತ್ತಿದರೆ ಸುತ್ತಿಗೆ ತಂತಿಯನ್ನು ಮುಟ್ಟುವುದೇ ಇಲ್ಲ, ಸ್ವರ ಹುಟ್ಟುವುದೇ ಇಲ್ಲ. ನನ್ನ ಕೈಯಲ್ಲಿ ಎರಡೇ ಇದ್ದವು, ಗುದ್ದು ಅಥವಾ ಮೌನ. "ಏ ಯವ್ವಾ, ಇಷ್ಟ ಜೋರ ಬಡಿಬ್ಯಾಡ. ಪೇಟಿ ಏನ ತಪ್ಪ ಮಾಡೈತಿ?" ಎಂದು ಶರಣಪ್ಪ ಹೊರಗಿನ ಮೆಟ್ಟಿಲಿನಿಂದ ಕೂಗುತ್ತಿದ್ದರು.

ಟೀಚರ್ ಅದಕ್ಕೊಂದು ದಾರಿ ಕಂಡುಕೊಂಡರು. ಒಂದೇ ಪಿಯಾನೋದ ಮುಂದೆ ಇಬ್ಬರು ಕೂತು ನಾಲ್ಕು ಕೈಯಲ್ಲಿ ನುಡಿಸುವ ಸಣ್ಣದೊಂದು ಪಾಠವನ್ನು ತಾವೇ ಕಟ್ಟಿದರು. ಬಲಗಡೆಯ ಮೇಲಿನ ಸ್ವರಗಳು ನನಗೆ. ಅದನ್ನಷ್ಟೇ ಕಾಗದದಲ್ಲಿ ಬರೆದು ಕೊಟ್ಟಿದ್ದರು. ಎಡಗಡೆಯ ಕೆಳಗಿನ ಭಾಗ ಅವರ ತಲೆಯಲ್ಲೇ ಇತ್ತು. ಕಚ್ಚಿಕೊಳ್ಳುವ ಆ ಕೀಲಿಗೆ ಕೆಲಸವೇ ಬಾರದ ಹಾಗೆ ಅವರು ಅದನ್ನು ಕಟ್ಟಿದ್ದರು. ನಿಯಮ ಎರಡು: ನುಡಿಸುವಾಗ ಅವರ ಕಡೆ ನೋಡಬಾರದು, ಅವರ ಸ್ವರ ನನಗೆ ಕೇಳಿಸುತ್ತಲೇ ಇರಬೇಕು. "ಮೆಲ್ಲಗೆ ಅಂದ್ರೆ ಕೇಳದ ಹಾಗೆ ಅಲ್ಲ ಮಗಾ. ಕೇಳುವವ ಹತ್ತಿರ ಬರುವ ಹಾಗೆ" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಮತ್ತೆ ಗುದ್ದುತ್ತಿದ್ದೆ. "ಎಂತ ಮಾರಾಯ್ತಿ, ಗೋಡೆಗೆ ಮೊಳೆ ಹೊಡೀತಿಯಾ?"

ಜುಲೈಯಲ್ಲಿ ಟೀಚರ್ ಸ್ಟೇಷನ್ನಿನ ಸೇತುವೆಯ ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕೈ ಎತ್ತಿಕೊಂಡು ಸಂಜೆಯ ಲೋಕಲ್ ಹತ್ತುವ ಹಾಗಿರಲಿಲ್ಲ. "ನೀನು ಹೋಗು. ಪಾಠ ನಿಲ್ಲಿಸ್ಬೇಡ. ಆದ್ರೆ ಬೆಂಚಿನ ನಡುವಲ್ಲಿ ಕೂರುವುದಲ್ಲ, ನನ್ನ ಜಾಗ ಬಿಟ್ಟು ಕೂರು" ಎಂದರು. ನಾನು ಹಾಗೆಯೇ ಮಾಡಿದೆ. ನೇರುಳದಿಂದ ಲೋಕಲ್‌ನಲ್ಲಿ ಠಾಣೆ ಸ್ಟೇಷನ್ನಿಗೆ ಬಂದು, ಅಲ್ಲಿಂದ ಕಲ್ಯಾಣಕ್ಕೆ ಹೋಗಿ, ಉದ್ದನೆಯ ಆ ಬೆಂಚಿನ ಬಲಭಾಗದಲ್ಲಿ ಕೂತು, ಖಾಲಿ ಎಡಭಾಗಕ್ಕೆ ಜೊತೆ ಕೊಡುತ್ತಿದ್ದೆ. ಒಂದು ಸಾಲನ್ನು ಕೊನೆಯವರೆಗೆ ಮೆಲ್ಲಗೆ ನುಡಿಸಿದ ದಿನ ಡೈರಿಯಲ್ಲಿ ಒಂದು ಗೀಟು ಹಾಕಬೇಕೆಂದು ಒಂದು ಕಾಲಂ ಎಳೆದಿದ್ದೆ. ಕಾಲಂ ಖಾಲಿಯಾಗಿಯೇ ಉಳಿಯಿತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಆ ಗುರುವಾರ ಮಳೆ ಆಗತಾನೇ ನಿಂತಿತ್ತು. ಕಚ್ಚಿಕೊಳ್ಳುವ ಕೀಲಿ ಮೇಲೆ ಇದೆ ಎಂದು ನೋಡಿ, ಬಲಭಾಗದಲ್ಲಿ ಕೂತೆ. ನಾಲ್ಕು ಸ್ವರ ನುಡಿಸಿರಬೇಕು, ಕರೆಂಟ್ ಹೋಯಿತು. ಆಗ ಠಾಣೆಯಿಂದ ಈಚೆಗೆ ನಮಗೆಲ್ಲ ಲೋಡ್ ಶೆಡ್ಡಿಂಗ್ ಇತ್ತು. ಮಹಾನಗರದ ಗಡಿಯಾದ ಮುಲುಂಡ್ ತನಕ ಝಗಮಗ ದೀಪ, ಅಲ್ಲಿಂದ ಮುಂದೆ ಕತ್ತಲೆ. ಫ್ಯಾನ್ ನಿಂತಿತು. ಪಿಯಾನೋದ ಸಂದಿಗಳಿಂದ ಕಾಣುತ್ತಿದ್ದ ನಂದಾದೀಪವೂ ಆರಿತು. ಬೆಚ್ಚಗಾಗಿದ್ದ ಮರದ ವಾಸನೆ, ನುಸಿಗುಳಿಗೆಯ ವಾಸನೆ ಮಾತ್ರ ಉಳಿಯಿತು. ಮೋಂಬತ್ತಿ ಬೇಕಾ ಎಂದು ಶರಣಪ್ಪ ಹೊರಗಿನಿಂದ ಕೇಳಿದರು. ಬೇಡ ಎಂದೆ. ಪಾಠ ಬಾಯಿಪಾಠವಾಗಿತ್ತು, ಮುಗಿಸದೆ ಎದ್ದುಹೋಗುವ ಜಾಯಮಾನ ನನ್ನದಲ್ಲ.

ಮೊದಲ ಸಲ ಎರಡನೇ ಸಾಲಿನಲ್ಲಿ ಸ್ವರಗಳು ಸತ್ತವು. ಎರಡನೇ ಸಲ ಗುದ್ದಿದೆ. ಸ್ವಲ್ಪ ಹೊತ್ತು ಕೈಯನ್ನು ಮಡಿಲಲ್ಲಿಟ್ಟು ಕೂತು ಮತ್ತೆ ಶುರು ಮಾಡಿದೆ. ಆಗ ನನ್ನ ಸ್ವರಗಳ ಕೆಳಗೆ ಇನ್ನೊಂದು ಏನೋ ಇದೆ ಎನ್ನಿಸಿತು.

ರೈಲು ಎಂದುಕೊಂಡೆ. ಮೇಲ್ ಗಾಡಿ ಹೋಗುವಾಗ ಆ ಪಿಯಾನೋದ ದಪ್ಪ ತಂತಿಗಳು ಗುಂಯ್ ಎನ್ನುವುದು ನನಗೆ ಗೊತ್ತಿತ್ತು. ಆದರೆ ಆಗ ಯಾವ ಗಾಡಿಯೂ ಹೋಗುತ್ತಿರಲಿಲ್ಲ. ಅಲ್ಲದೆ ಅದು ಬರೀ ಗುಂಯ್ ಅಲ್ಲ, ಅದರಲ್ಲಿ ತಾಳವಿತ್ತು. ಟೀಚರ್ ನುಡಿಸುವ ಕೆಳಗಿನ ಭಾಗ ಅದು. ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಪರೀಕ್ಷೆ ಮಾಡಿದೆ. ಬೇಕೆಂದೇ ಎರಡು ಸ್ವರ ಜೋರಾಗಿ ಹೊಡೆದೆ, ಅದು ಮುಳುಗಿತು. ಕೈ ಹಗುರ ಮಾಡಿದೆ, ಮತ್ತೆ ಮೇಲೆ ಬಂತು. ಇನ್ನೂ ಹಗುರ ಮಾಡಿದೆ, ಇನ್ನೂ ಸ್ಪಷ್ಟವಾಯಿತು. ಅದು ಕೇಳಿಸುತ್ತಿರಬೇಕಾದರೆ ನಾನು ಮೆಲ್ಲಗೆ ನುಡಿಸಲೇಬೇಕಿತ್ತು. ಅದನ್ನು ಕಳೆದುಕೊಳ್ಳಬಾರದು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಹೆದರಿಕೆಗೆ ಜಾಗ ಇರಲಿಲ್ಲ.

ಎಡಕ್ಕೆ ಏಕೆ ನೋಡಲಿಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕತ್ತಲೆ ಇತ್ತು ನಿಜ, ಆದರೆ ಕಾರಣ ಅದಲ್ಲ. ಪಾಠದ ನಡುವೆ ನೋಡಬಾರದು ಎಂಬ ನಿಯಮವಿತ್ತು, ನಾನು ಪಾಠದ ನಡುವೆ ಇದ್ದೆ. ಅಷ್ಟೇ.

ಮೂರನೇ ಸಾಲಿನ ಕೊನೆಯಲ್ಲಿ ಟೀಚರ್ ಯಾವಾಗಲೂ ಒಂದು ಸ್ವರಗುಚ್ಛ ನುಡಿಸಿ ನಿಲ್ಲುತ್ತಿದ್ದರು. ಆ ಸಂಜೆ ಹಾಗಾಗಲಿಲ್ಲ. ಕೆಳಗಿನ ಭಾಗ ನಿಲ್ಲದೆ ಎರಡು ಮೆಟ್ಟಿಲು ಕೆಳಗಿಳಿದು, ಅಲ್ಲಿ ಒಂದು ಸ್ವರವನ್ನು ಹಿಡಿದು ನನಗಾಗಿ ಕಾಯಿತು. ಆ ಬಿಡುವಿನಲ್ಲಿ ನನ್ನ ಕೈ ತಾನಾಗಿ ಸಡಿಲವಾಯಿತು. ಕೊನೆಯ ಸಾಲನ್ನು ಉಸಿರು ಬಿಟ್ಟಷ್ಟು ಸುಲಭವಾಗಿ ನುಡಿಸಿ ಮುಗಿಸಿದೆ. ಒಂದು ಸ್ವರವೂ ಸಾಯಲಿಲ್ಲ.

ಕೂತಲ್ಲಿಂದ ಏಳಲಿಲ್ಲ. ಎಷ್ಟು ಹೊತ್ತೋ ಬರೆದಿಟ್ಟಿಲ್ಲ. ಕರೆಂಟ್ ಬಂತು, ಪಿಯಾನೋದ ಹೊಟ್ಟೆಯಲ್ಲಿ ದೀಪ ಹತ್ತಿತು. ಬೆಂಚಿನ ಎಡಭಾಗ ಖಾಲಿ ಇತ್ತು. ಕಚ್ಚಿಕೊಳ್ಳುವ ಬಿಳಿಯ ಕೀಲಿ ಕೆಳಗೆ ಇಳಿದಿತ್ತು. ಉಗುರಿನಿಂದ ಎತ್ತಿದೆ, ಟಕ್ ಎಂದು ಮೇಲೆ ಬಂತು.

ತಿರುಗಿ ನೋಡಿದರೆ ಶರಣಪ್ಪ ಹಾಲಿನ ಒಳಗೆ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ನುಡಿಸುವಾಗ ಅವರು ಎಂದೂ ಒಳಗೆ ಬಂದವರಲ್ಲ.

"ಏನ್ ಶರಣಪ್ಪಣ್ಣ, ಇಲ್ಲಿ?"

"ಹೊರಗ ಏನೂ ಕೇಳಸಲಿಲ್ಲವ್ವಾ. ನಿದ್ದಿ ಹತ್ತಿತೇನೋ ಹುಡುಗಿಗೆ ಅಂತ ಒಳಗ ಬಂದೆ. ಬಂದ್ರ ಕೇಳಿಸ್ತು. ಛಂದಿತ್ತು, ಹಂಗ ಕುಂತೆ."

ನಾನು ಆದಷ್ಟು ಸಹಜವಾಗಿ ಕೇಳಿದೆ. "ಎಷ್ಟು ಜನ ನುಡಿಸ್ತಾ ಇದ್ರು?"

ಅವರು ಜೋರಾಗಿ ನಕ್ಕರು. "ಕತ್ತಲಾಗ ಕೈ ಎಣಸಾಕ ಆಗ್ತೈತೇನವ್ವಾ? ನಡಿ ನಡಿ, ಗಾಡಿ ತಪ್ಪತೈತಿ."

ಹೆದರಿಕೆ ಬಂದದ್ದು ರೈಲಿನಲ್ಲಿ. ಲೇಡೀಸ್ ಡಬ್ಬಿಯಲ್ಲಿ ಬೇಕಾದಷ್ಟು ಬೆಳಕಿತ್ತು. ಪಕ್ಕದಲ್ಲಿ ಒಬ್ಬರು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಇಬ್ಬರು ಸೀಟಿಗಾಗಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಅವರ ನಡುವೆ ನಿಂತು ನಾನು ಮತ್ತೆ ಮತ್ತೆ ಎಡಕ್ಕೆ ತಿರುಗಿ ನೋಡಿದೆ.

ಭಾನುವಾರ ಟೀಚರ್ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ, ಆದರೆ ಎಲ್ಲವನ್ನೂ ಹೇಳಲಿಲ್ಲ. ಕೆಳಗಿನ ಭಾಗ ಕೇಳಿಸಿತು ಎಂದಷ್ಟೇ ಹೇಳಿದೆ. ಮೂರನೇ ಸಾಲಿನ ಬದಲಾವಣೆಯನ್ನೂ, ಇಳಿದಿದ್ದ ಕೀಲಿಯನ್ನೂ ಬೇಕೆಂದೇ ಬಿಟ್ಟೆ. ಸಾಕ್ಷಿಗೆ ಮೊದಲೇ ಉತ್ತರ ಹೇಳಿಕೊಡಬಾರದಲ್ಲ.

ಟೀಚರ್ ನಕ್ಕುಬಿಟ್ಟರು. "ಹೌದು ಮಾರಾಯ್ತಿ, ನಾನೇ ಬಂದಿದ್ದೆ. ವಿದೌಟ್ ಟಿಕೆಟ್! ಟಿಸಿ ಹಿಡೀಲಿಲ್ಲ, ಪುಣ್ಯ." ಆಮೇಲೆ ಮೇಜಿನ ಮೇಲಿದ್ದ ಸಣ್ಣ ಕೀಬೋರ್ಡನ್ನು ಬಲಗೈಯಲ್ಲಿ ನನ್ನ ಕಡೆ ತಳ್ಳಿದರು. "ಎಂತ ಕೇಳಿತು? ನುಡಿಸು, ನೋಡುವ."

ಕೆಳಗಿನ ಭಾಗವನ್ನು ನುಡಿಸಲು ಶುರು ಮಾಡಿದೆ. ಟೀಚರ್ ಕಣ್ಣು ಮುಚ್ಚಿದ್ದರು. ಅವರ ಎಡಗೈ ಮೇಜಿನ ಅಂಚಿನ ಮೇಲಿತ್ತು. ಪ್ಲಾಸ್ಟರಿನಿಂದ ಹೊರಗೆ ಇಣುಕಿದ ಬೆರಳುಗಳು ನನ್ನ ಜೊತೆ ಮೆಲ್ಲಗೆ ಮರವನ್ನು ತಟ್ಟುತ್ತಿದ್ದವು. ಮೂರನೇ ಸಾಲಿನ ಕೊನೆ ಬಂತು. ನಾನು ಆ ಇಳಿಯುವ ಸ್ವರಗಳನ್ನು ಮುಟ್ಟುವ ಮೊದಲೇ ಅವರ ಉಂಗುರದ ಬೆರಳು ಒಂದು ಹೆಜ್ಜೆ, ಕಿರುಬೆರಳು ಇನ್ನೊಂದು ಹೆಜ್ಜೆ ಕೆಳಗಿಳಿದು, ಅಲ್ಲೇ ನಿಂತು ಕಾಯಿತು.

ನನ್ನ ಕೈ ನಿಂತಿತು. "ಟೀಚರ್, ಇಲ್ಲಿ ನೀವು ಯಾವಾಗ ಬದಲಾಯಿಸಿದಿರಿ?"

ಅವರು ಕಣ್ಣು ತೆರೆದರು. "ಕೈಗೆ ಕೆಲಸ ಇಲ್ಲ, ತಲೆಗೆ ಬಿಡುವಿಲ್ಲ. ಸಂಜೆ ಕರೆಂಟ್ ಹೋದ್ರೆ ಇಲ್ಲೇ ಕೂತು ನಿನ್ನ ಜೊತೆ ನುಡಿಸ್ತಾ ಇರ್ತೇನೆ. ಅಲ್ಲಿ ನಿಂಗೆ ಉಸಿರಾಡ್ಲಿಕ್ಕೆ ಜಾಗ ಇರ್ಲಿಲ್ಲ ಅಂತ ಕಂಡಿತು." ಚಾದ ಲೋಟವನ್ನು ನನ್ನ ಕಡೆ ಸರಿಸುತ್ತ ಕೇಳಿದರು: "ಹೋ, ಅದು ಕಚ್ಚಿಕೊಳ್ಳುವ ಕೀ ಅಲ್ವಾ? ಎತ್ತಿ ಇಟ್ಟಿಯಾ?"

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುವಾಗ ಅವರ ಕೆಳದುಟಿ ಸ್ವಲ್ಪ ಓರೆಯಾಗುತ್ತಿತ್ತು. ಆಗ ಓರೆಯಾಗಿತ್ತೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ಇನ್ನೇನೋ ಕೇಳಬೇಕೆಂದು ಬಾಯಿ ತೆರೆದೆ. "ಚಾ ಆರ್ತಾ ಉಂಟು, ಕುಡಿ. ಬಂದದ್ದು ಯಾರು ಅಂತ ಬಿಡು. ಕೈ ಬಂತಾ ಇಲ್ವಾ, ಅದು ಹೇಳು" ಎಂದರು. ಆ ವಿಷಯವನ್ನು ಮತ್ತೆಂದೂ ಎತ್ತಲು ಬಿಡಲಿಲ್ಲ.

ಕೈ ಬಂದಿತ್ತು. ಆಮೇಲೆ ಪರೀಕ್ಷೆಯವರೆಗೂ ಆ ಹಾಲಿಗೆ ಹೋದೆ, ಬಲಭಾಗದಲ್ಲೇ ಕೂತೆ, ಕರೆಂಟ್ ಹೋದ ಸಂಜೆಗಳೂ ಇದ್ದವು. ಕೆಳಗಿನ ಭಾಗ ಮತ್ತೆ ಕೇಳಿಸಲಿಲ್ಲ. ಆದರೆ ಕೇಳಿಸಬಹುದು ಎಂದುಕೊಂಡು ನುಡಿಸಿದೆ, ಅಷ್ಟೇ ಸಾಕಾಯಿತು. ಪರೀಕ್ಷೆಯ ದಿನ ಆ ಓರೆ ಅಕ್ಷರ ಬಂದಾಗ ಎಡಗೈ ಎಲ್ಲಿಗೂ ಹಾರಲಿಲ್ಲ. ಒಂದು ಜಾಗದಲ್ಲಿ ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದ್ದು ಕಣ್ಣಂಚಿನಲ್ಲಿ ಕಂಡಿತು. ಪಾಸಾದೆ. ನೇರುಳದ ಕೆಲಸ ಪರ್ಮನೆಂಟ್ ಆಯಿತು. "ಹಾಗಾದ್ರೆ ಬ್ಯಾಂಕಿನವರಿಗೆ ನಾನೇ ಹೇಳ್ತೇನೆ, ಕಾಯ್ಬೇಡಿ ಅಂತ" ಎಂದರು ಅಪ್ಪ.

ವಿವರಣೆಗಳನ್ನು ನಾನು ಹುಡುಕದೆ ಬಿಟ್ಟಿಲ್ಲ. ಟೀಚರ್ ಸ್ವರಗಳು ನನ್ನ ಕಿವಿಯಲ್ಲಿ ಉಳಿದಿದ್ದವು, ಕತ್ತಲೆಯಲ್ಲಿ ಮನಸ್ಸು ಅವನ್ನು ತಾನೇ ನುಡಿಸಿತು ಎನ್ನಬಹುದು. ಆದರೆ ಕಿವಿ ಎಂದೂ ಕೇಳದ ಆ ಎರಡು ಮೆಟ್ಟಿಲು? ಕೀಲಿ ತೇವಕ್ಕೆ ಇಳಿದಿರಬಹುದು, ನಾನೇ ಏಳುವಾಗ ಕೈ ತಾಗಿಸಿರಬಹುದು. ಆದರೆ ನಾನು ಎದ್ದೇ ಇರಲಿಲ್ಲ. ನಾನು ನುಡಿಸಿ ತೋರಿಸುವಾಗ ಕೈ ತಡವರಿಸಿದ್ದನ್ನು ಕೇಳಿ ಟೀಚರ್ ಮುಂದಿನದನ್ನು ಊಹಿಸಿರಬಹುದು, ನನ್ನನ್ನು ಹುರಿದುಂಬಿಸಲು ಒಂದು ಮಾತು ಸೇರಿಸಿರಬಹುದು. ಆದರೆ ಅವರ ಕಿರುಬೆರಳು ನನಗಿಂತ ಮೊದಲು ಇಳಿದದ್ದನ್ನು ನಾನು ಹಗಲಿನಲ್ಲಿ, ಚಹಾದ ಎದುರಲ್ಲಿ ಕೂತು ನೋಡಿದ್ದೇನೆ. ಕೆಲವು ವರ್ಷಗಳ ನಂತರ ಟೀಚರ್ ಮಂಗಳೂರಿನ ತಂಗಿಯ ಮನೆಗೆ ಹೋದರು. ಫೋನು ಮಾಡಿದಾಗ ಈಗಲೂ ಕೈ ಹೇಗಿದೆ ಎಂದು ಅವರೇ ನನ್ನನ್ನು ಕೇಳುತ್ತಾರೆ.

ಆ ಗುರುವಾರದ ಪುಟದಲ್ಲಿ ಗೀಟು ಹಾಕುವ ಜಾಗ ಇನ್ನೂ ಖಾಲಿ ಇದೆ. ಅದು ನನ್ನೊಬ್ಬಳ ಲೆಕ್ಕಕ್ಕೆ ಸೇರುವುದೋ ಇಲ್ಲವೋ ತೀರ್ಮಾನವಾಗಿಲ್ಲ.

ನಮ್ಮ ಶಾಲೆಯಲ್ಲಿ ಈಗ ಕೈಯ ಭಾರ ತಿಳಿಯುವ ಒಳ್ಳೆಯ ವಾದ್ಯವಿದೆ. ಗುದ್ದುವ ಮಕ್ಕಳನ್ನು ನಾನು ಬೆಂಚಿನ ಬಲಭಾಗದಲ್ಲಿ ಕೂರಿಸಿ, ಎಡಭಾಗವನ್ನು ಖಾಲಿ ಬಿಡಿಸುತ್ತೇನೆ. ಮೊನ್ನೆ ನಾಲ್ಕನೇ ಕ್ಲಾಸಿನ ಒಬ್ಬಳು ಆ ಖಾಲಿ ಜಾಗವನ್ನು ನೋಡಿ, ಅಲ್ಲಿ ಯಾರು ಕೂರುತ್ತಾರೆ ಎಂದು ಹಿಂದಿಯಲ್ಲಿ ಕೇಳಿದಳು. "ಟೀಚರ್, ಉಧರ್ ಕೌನ್ ಬೈಠೇಗಾ?"

ಮೆಲ್ಲಗೆ ನುಡಿಸು, ನೋಡೋಣ ಎಂದೆ. ಕೇಳಲೆಂದು ನನ್ನ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.